ಎರಡನೇ ಶನಿವಾರ, ಮದ್ದೂರು

ಗಂಡನನ್ನು ಕರೆಯಲು ನನ್ನ ಹತ್ತಿರ ಇದ್ದದ್ದು ಒಂದೇ ಪದ, 'ರೀ'. ಒಂಬತ್ತು ವರ್ಷದ ಸಂಸಾರ ಅದರಲ್ಲೇ ನಡೆದಿತ್ತು. ಸಿಟ್ಟು ಬಂದಾಗ ಅದನ್ನೇ ಎಳೆದು, ಕೆಲಸ ಆಗಬೇಕಾದಾಗ ಅದನ್ನೇ ಮೆತ್ತಗೆ ಮಾಡಿ. ಹೆಸರು ಹಿಡಿದು ಕರೆದವಳಲ್ಲ, ನಮ್ಮ ಮನೆಯ ಹೆಂಗಸರು ಯಾರೂ ಕರೆದವರಲ್ಲ. ಬೇರೆಯಾಗುವಾಗ ಒಡವೆ, ಪಾತ್ರೆ, ಫಿಕ್ಸೆಡ್ ಡೆಪಾಸಿಟ್ಟು ಎಲ್ಲಕ್ಕೂ ಒಂದೊಂದು ದಾರಿಯಾಯಿತು. ಈ 'ರೀ' ಯಾರ ಪಾಲಿಗೆ ಎಂದು ಮಾತ್ರ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಮದ್ದೂರಿನ ಹೋಟೆಲಿನಲ್ಲಿ ಆ ತುದಿಯ ಟೇಬಲ್ಲಿಗೆ, ನಮಗೆ ಬೆನ್ನು ಮಾಡಿ ಕೂತ ಮನುಷ್ಯನನ್ನು ಏನೆಂದು ಕೂಗಲಿ? 'ರೀ' ಅಂದರೆ ಮತ್ತೆ ಹೆಂಡತಿಯಾಗುತ್ತೇನೆ. ಹೆಸರು ಹೇಳಲು ನಾಲಿಗೆ ಏಳುವುದಿಲ್ಲ. 'ಸರ್' ಅನ್ನಲು ಅದು ಬ್ಯಾಂಕಿನ ಕೌಂಟರಲ್ಲ. ಎರಡು ಸಲ ಕೆಮ್ಮಿ ನೋಡಿದೆ. ಕೊನೆಗೆ ಮಗಳೇ 'ಅಪ್ಪಾ' ಎಂದು ಕಿರುಚಿ ಓಡಿದಳು. ಅವತ್ತಿನಿಂದ ನನಗೂ ಅವರು 'ಪುಟ್ಟಿ ಅಪ್ಪ'. ನಮ್ಮ ಅಜ್ಜಿ ತಾತನನ್ನು ಹೀಗೇ ಹಿರಿಮಗನ ಹೆಸರು ಸೇರಿಸಿ 'ಇಂಥವನ ಅಪ್ಪ' ಎಂದು ಕರೆಯುತ್ತಿದ್ದಳು. ಅವಳಿಗೆ ನಾಚಿಕೆಯಿಂದ ಬಂದ ಪದ ನನಗೆ ದೂರದಿಂದ ಬಂತು.

ಅವರ ಕಡೆಯದು ಬೇರೆ ಕತೆ. ನನ್ನನ್ನು 'ಏನೇ', 'ನೀನು' ಎನ್ನುತ್ತಿದ್ದವರು ವಕೀಲರ ಆಫೀಸಿನಲ್ಲಿ ಮೊದಲ ಸಲ 'ನೀವು' ಅಂದರು. "ನೀವು ಇಲ್ಲಿ ಸೈನ್ ಮಾಡಿದ್ರೆ ಮುಂದಿಂದು ನಾನ್ ಮಾಡ್ತೀನಿ." ಮಗಳ ಸುಪರ್ದಿಯ ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದಾಗ ಅಳದವಳು ಆ ಬಹುವಚನಕ್ಕೆ ಅತ್ತೆ, ಮನೆಗೆ ಬಂದು, ಬಚ್ಚಲಲ್ಲಿ.

ಯಾಕೆ ಬೇರೆಯಾದಿರಿ ಎಂದು ಕೇಳುವವರಿಗೆ ಕೊಡಲು ನನ್ನಲ್ಲಿ ದೊಡ್ಡ ಕಾರಣವಿಲ್ಲ. ಕುಡಿತವಿರಲಿಲ್ಲ, ಹೊಡೆತವಿರಲಿಲ್ಲ. (ಅವು ಇರುವ ಮನೆಗೆ ನಾನು ಮುಂದೆ ಬರೆಯುವ ಯಾವುದೂ ಅನ್ವಯಿಸದು. ಅಲ್ಲಿ ಮೊದಲು ಹೆಂಗಸಿಗೂ ಮಗುವಿಗೂ ರಕ್ಷಣೆ ಬೇಕು, ಉಳಿದದ್ದು ಆಮೇಲೆ.) ಅವರು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಯಾರದೋ ಮನೆಯಲ್ಲಿ ಕರೆಂಟು ಹೋಯಿತೆಂದರೆ ತಟ್ಟೆಯ ಮುಂದಿಂದ ಎದ್ದು ಹೋಗುವವರು. ನಾನು ಬ್ಯಾಂಕಿನವಳು, ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದ ಜಾತಿ. ಒಬ್ಬರನ್ನೊಬ್ಬರು ರಿಪೇರಿ ಮಾಡಲು ಹೋಗಿ ಇಬ್ಬರೂ ಸುಸ್ತಾದೆವು. ಅಷ್ಟೇ.

2014ರ ಜನವರಿಯಲ್ಲಿ ವರ್ಗಾವಣೆ ಕೇಳಿ ಪಡೆದು ಮೈಸೂರಿನಿಂದ ಬೆಂಗಳೂರಿಗೆ, ವಿಜಯನಗರದ ತವರಿಗೆ ಬಂದೆ. ಪುಟ್ಟಿಗೆ ಆಗ ಐದೂವರೆ ವರ್ಷ. ಮೊದಲ ಒಂದೂವರೆ ವರ್ಷ ನಾವು ನಡೆದುಕೊಂಡ ರೀತಿ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಫೋನಿನಲ್ಲಿ ಮೂರನೇ ಮಾತಿಗೆ ಜಗಳ. ಅದಕ್ಕೆಂದು ಮಾತು ಬಿಟ್ಟೆವು, ಬಿಟ್ಟು ಎಲ್ಲವನ್ನೂ ಮಗಳ ಬಾಯಲ್ಲಿ ಹೇಳಿಸತೊಡಗಿದೆವು. 'ಫೀಸ್ ಕಟ್ಟೋಕೆ ಹದಿನೈದೇ ಕೊನೇ ತಾರೀಕು ಅಂತ ನಿಮ್ಮಪ್ಪನಿಗೆ ಹೇಳು.' 'ಹೋದ ಸಲ ಕೊಡಿಸಿದ ಸ್ವೆಟರ್ ಎಲ್ಲೋಯ್ತು ಅಂತ ನಿಮ್ಮಮ್ಮನ್ನ ಕೇಳು.' ಒಂದನೇ ಕ್ಲಾಸಿನ ಮಗು ಅದನ್ನು ಹೊತ್ತು ತಂದು ಒಪ್ಪಿಸುತ್ತಿತ್ತು, ನಮ್ಮ ದನಿಯಲ್ಲೇ, ನಮ್ಮ ಸಿಡುಕನ್ನೂ ಸೇರಿಸಿ. ಸ್ವೆಟರಿನ ವಿಷಯ ಹೇಳಿ ಮುಗಿಸಿದ ದಿನ ಒಂದು ಹೆಜ್ಜೆ ಹಿಂದೆ ಸರಿದು ನಿಂತು ಹೇಳಿದಳು: "ಇದು ಅಪ್ಪ ಅಂದಿದ್ದು. ನಾನಲ್ಲ. ನಂಗೆ ಬೈಬೇಡ."

2015ರ ಸೆಪ್ಟೆಂಬರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕುಟುಂಬ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕಿದೆವು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಲೆಕ್ಕ ಸರಳ. ಒಂದು ವರ್ಷವಾದರೂ ಬೇರೆ ಇದ್ದಿರಬೇಕು, ಇಬ್ಬರಿಗೂ ಒಪ್ಪಿಗೆ ಇರಬೇಕು, ಅರ್ಜಿ ಹಾಕಿ ಆರು ತಿಂಗಳು ಕಳೆದ ಮೇಲೆ ಇಬ್ಬರೂ ಮತ್ತೆ ಬಂದು 'ಈಗಲೂ ಬೇಕು' ಎನ್ನಬೇಕು. ಆ ಆರು ತಿಂಗಳು ಕಡ್ಡಾಯವಲ್ಲ, ಸಂದರ್ಭ ನೋಡಿ ಕೋರ್ಟು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ನಮ್ಮ ಹೊತ್ತಿಗೆ ಆ ತೀರ್ಪು ಇರಲಿಲ್ಲ. ಇದ್ದಿದ್ದರೆ ನಾನಂತೂ ಓಡಿ ಹೋಗಿ ವಿನಾಯಿತಿ ಕೇಳಿ ಕೆಡುತ್ತಿದ್ದೆ. ಯಾಕೆಂದರೆ ಮದ್ದೂರು ಸಿಕ್ಕಿದ್ದು ಆ ಆರು ತಿಂಗಳಲ್ಲಿ.

ಮಧ್ಯಸ್ಥಿಕೆಗೆ ಕೂತವರು ಅರವತ್ತರ ಆಸುಪಾಸಿನ ಒಬ್ಬ ವಕೀಲೆ. ನಮ್ಮಿಬ್ಬರ ವಾದವನ್ನು ಒಂದು ಗಂಟೆ ಕೇಳಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ, "ಮಗು ಯಾರ ಹತ್ರ ಇರಬೇಕು ಅಂತ ಇಬ್ಬರೂ ಹೇಳಿದ್ರಿ. ಅದು ಯಾವ ಬಸ್ಸಲ್ಲಿ ಬರುತ್ತೆ ಅಂತ ಒಬ್ಬರೂ ಹೇಳಲಿಲ್ಲ" ಎಂದರು. ಆಮೇಲಿನ ಮಾತೆಲ್ಲ ಬಸ್ಸಿನದೇ. ಮದ್ದೂರು ಎಂದವರು ಪುಟ್ಟಿ ಅಪ್ಪ. ಮೈಸೂರಿಗೂ ಬೆಂಗಳೂರಿಗೂ ನಡುವೆ 140 ಕಿಲೋಮೀಟರ್. ಮದ್ದೂರು ಅವರಿಗೆ 60 ಆದರೆ ನನಗೆ 80. ಆ 20 ಕಿಲೋಮೀಟರಿಗೂ ನಾನು ಜಗಳ ತೆಗೆದೆ ಎಂದು ಒಪ್ಪಿಕೊಳ್ಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಾವು ಅರ್ಜಿ ಹಾಕಿದ ತಿಂಗಳಿನಿಂದಲೇ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ ಬಂದಿತ್ತು. ಸಹೋದ್ಯೋಗಿಗಳೆಲ್ಲ ಸಂಸಾರದ ಜೊತೆ ಕಳೆಯಲು ಸಿಕ್ಕಿತೆಂದು ಖುಷಿಪಟ್ಟ ರಜೆ ನನಗೆ ಸಂಸಾರ ಹಂಚುವುದಕ್ಕೆ ಒದಗಿತು. ಶನಿವಾರ ಬೆಳಿಗ್ಗೆ 9.30ಕ್ಕೆ ಮದ್ದೂರಿನಲ್ಲಿ ಮಗಳನ್ನು ಒಪ್ಪಿಸುವುದು, ಭಾನುವಾರ ಸಂಜೆ 5.30ಕ್ಕೆ ಅಲ್ಲೇ ವಾಪಸು ಪಡೆಯುವುದು. ದಸರಾ, ಬೇಸಿಗೆ ರಜೆ ಅರ್ಧರ್ಧ. ಯುಗಾದಿ ಮೈಸೂರಿಗೆ, ಗೌರಿ ಹಬ್ಬ ಬೆಂಗಳೂರಿಗೆ. ತೀರ್ಪು ಬಂದದ್ದು 2016ರಲ್ಲಿ, ಒಪ್ಪಂದ ಹೀಗೇ ಉಳಿಯಿತು.

ಈ ನಡುವೆ ಒಂದು ಹಳೆಯ ಸಾಲವೂ ತೀರಿತು. ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ 1956ರ ಹಿಂದೂ ಪಾಲಕತ್ವ ಕಾಯ್ದೆ. 'ನಂತರ' ಅಂದರೆ ತಂದೆ ತೀರಿಕೊಂಡ ಮೇಲೆ ಎಂದೇ ಓದಿಕೊಂಡು ಬಂದಿದ್ದರು. ರಿಸರ್ವ್ ಬ್ಯಾಂಕಿನ ಬಾಂಡ್ ಅರ್ಜಿಗೆ ತಾಯಿಯ ಸಹಿ ಸಾಲದು ಎಂದಾಗ ಲೇಖಕಿ ಗೀತಾ ಹರಿಹರನ್ ಕೋರ್ಟಿಗೆ ಹೋದರು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದೆ ದೂರವಿದ್ದರೆ ತಾಯಿಯೇ ಪಾಲಕಿ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು ಸಡಿಲ ಮಾಡಿತು. ಬ್ಯಾಂಕಿನವಳಾದ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ಮಗುವಿನ ಖಾತೆ ತೆರೆಯಲು ಬಂದ ಹೆಂಗಸರನ್ನು 'ಯಜಮಾನರು ಬಂದಿಲ್ವಾ?' ಎಂದು ಎಷ್ಟು ಸಲ ಕೇಳಿದ್ದೆನೋ. ಮಗಳ ಶಾಲೆಯ ಆಫೀಸಿನಲ್ಲಿ ಅದೇ ಪ್ರಶ್ನೆ ನನಗೆ ಬಂದ ದಿನ ಲೆಕ್ಕ ಚುಕ್ತಾ ಆಯಿತು.

ಮದ್ದೂರಿನ ಹೋಟೆಲು ಹಳೆಯ ಹೆದ್ದಾರಿಯ ಪಕ್ಕದಲ್ಲಿತ್ತು. ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸು ಹತ್ತಿ, ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ಪುಟ್ಟಿ ಬೆರಳು ಮಡಿಸುತ್ತಿದ್ದಳು. ಇಳಿದ ಕೂಡಲೇ ಒಂದು ವಡೆ. ಮದ್ದೂರು ವಡೆ ಗೊತ್ತಲ್ಲ, ಮೈದಾ, ರವೆ, ಅಕ್ಕಿ ಹಿಟ್ಟು, ಕೈತುಂಬ ಈರುಳ್ಳಿ, ಕರಿಬೇವು. ಅಂಚು ಮುರಿದರೆ ಪಟ್ ಎನ್ನಬೇಕು, ನಡು ಮೆತ್ತಗಿರಬೇಕು. ಪುಟ್ಟಿ ಇಲಿಯ ಹಾಗೆ ಅಂಚನ್ನೆಲ್ಲ ಸುತ್ತ ತಿಂದು ನಡುವಿನ ಈರುಳ್ಳಿಯ ಭಾಗ ಅಪ್ಪನಿಗೆಂದು ಉಳಿಸುತ್ತಿದ್ದಳು. ಅಪ್ಪ ತಡವಾದರೆ ಅದು ತಟ್ಟೆಯಲ್ಲಿ ಎಣ್ಣೆ ಬಿಡುತ್ತ ಕಾಯುತ್ತಿತ್ತು. ಅಪ್ಪ ತಡವಾಗದ ದಿನ ಇರಲಿಲ್ಲ. ವೈರಿನ ಸುರುಳಿಗಳು ತುಂಬಿದ ಹಳೆಯ ಓಮ್ನಿಯಲ್ಲಿ ಹತ್ತು ಗಂಟೆಗೆ, ಹತ್ತೂಕಾಲಿಗೆ ಬರುತ್ತಿದ್ದರು. ಬಂದು, ನಿಂತೇ ಆ ಆರಿದ ತುಂಡನ್ನು ಬಾಯಿಗೆ ಹಾಕಿಕೊಂಡು ಮಗಳ ಬ್ಯಾಗು ಎತ್ತಿಕೊಳ್ಳುತ್ತಿದ್ದರು.

ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಅದು ಆ ವಕೀಲೆ ಕೊಟ್ಟ ಉಪಾಯ: ಮಾತಾಡಿದರೆ ಜಗಳ ಅಂತೀರಿ, ಬರೆಯಿರಿ, ಮಗುವನ್ನು ಪೋಸ್ಟ್‌ಮ್ಯಾನ್ ಮಾಡಬೇಡಿ. 200 ಪುಟದ ಪುಸ್ತಕಕ್ಕೆ ಬ್ರೌನ್ ಪೇಪರಿನ ಬೈಂಡು ಹಾಕಿ, ಪುಟಕ್ಕೆ ನಾಲ್ಕು ಗೆರೆ ಎಳೆದೆ. ತಾರೀಕು, ವಿಷಯ, ಖರ್ಚು, ಷರಾ. ಬ್ಯಾಂಕಿನವಳು ಇನ್ನೇನು ಮಾಡಿಯಾಳು. ಷರಾದ ಕಾಲಮ್ಮಿನಲ್ಲಿ ನಾನು ಬರೆಯುತ್ತಿದ್ದದ್ದು ಅವರು ಎಷ್ಟು ನಿಮಿಷ ತಡ ಎಂದು. '35 ನಿ.' '50 ನಿ.' 'ಎಲ್ಲ ಬರೆದಿಟ್ಟಿರಿ, ಮುಂದೆ ಬೇಕಾಗುತ್ತೆ' ಎಂದು ನನ್ನ ವಕೀಲರೂ ಹೇಳಿದ್ದರು. ಅವರ ಸಾಲುಗಳು ಮಾತ್ರ ಗೆರೆ ದಾಟಿ ಅಡ್ಡಾದಿಡ್ಡಿ ಹೋಗುತ್ತಿದ್ದವು: 'ಓಮ್‌ವರ್ಕ್ ಆಗಿದೆ. ಆಲು ಕುಡಿದಿಲ್ಲ. ಎಡಗಾಲು ಶೂ ಕಚ್ಚುತ್ತೆ, ನೋಡಿ.' ಮಂಡ್ಯ ಕಡೆಯವರ ನಾಲಿಗೆಯಲ್ಲಿ ಹಕಾರ ಉಳಿಯದು, ಇವರದು ಕೈಯಲ್ಲೂ ಉಳಿಯುತ್ತಿರಲಿಲ್ಲ.

ನಾನು ಎಣಿಸಿದ ನಿಮಿಷಗಳಿಗೆ ಏನು ಬೆಲೆ ಎಂದು ಗೊತ್ತಾದದ್ದು 2016ರ ಸೆಪ್ಟೆಂಬರಿನಲ್ಲಿ. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಆದೇಶ ಬಂದು ಮಂಡ್ಯ ಹೊತ್ತಿ ಉರಿಯುತ್ತಿದ್ದ ವಾರ. 9ನೇ ತಾರೀಕು ಕರ್ನಾಟಕ ಬಂದ್, 10 ಎರಡನೇ ಶನಿವಾರ. ಮಂಡ್ಯದ ಕಡೆ ಹೆದ್ದಾರಿ ನೆಚ್ಚುವ ಹಾಗಿರಲಿಲ್ಲ. ಮಗಳನ್ನು ಕರೆತರುವುದಿಲ್ಲ ಎಂದು ಮೆಸೇಜ್ ಹಾಕಿದೆ. 'ಕಾವೇರಿ ಒಂದು ನೆಪ ಸಿಕ್ತು ನಿಮಗೆ' ಎಂದು ಉತ್ತರ ಬಂತು. ಆ ಮೇಲೆ ಫೋನ್ ಸ್ವಿಚ್ ಆಫ್. ನಾನೂ ಹಟಕ್ಕೆ ಬಿದ್ದು ಸುಮ್ಮನಾದೆ. ಸಂಜೆ ನಾಲ್ಕರ ಹೊತ್ತಿಗೆ ಗೇಟಿನ ಮುಂದೆ ಓಮ್ನಿ ನಿಂತಿತು. ಮಳವಳ್ಳಿ, ಕನಕಪುರದ ದಾರಿಯಲ್ಲಿ ಸುತ್ತಿ ಬಂದಿದ್ದರು. ಮೈಯೆಲ್ಲ ಧೂಳು. ನಾನು ಬಾಗಿಲಲ್ಲಿ ಅಡ್ಡ ನಿಂತು ಕೇಳಿದ ಮೊದಲ ಮಾತು: "ಒಂಬತ್ತೂವರೆಗೆ ಅಂದಿದ್ದಲ್ವಾ?"

ಹೇಳಿದ್ದು ನಾನೇ, ಆದರೂ ನೆನೆದಾಗಲೆಲ್ಲ ಬೇರೆ ಯಾರೋ ಹೇಳಿದ್ದಾಗಿದ್ದರೆ ಅನ್ನಿಸುತ್ತದೆ. ಅವರೂ ಬಿಡಲಿಲ್ಲ, ಬೀದಿಗೆ ಕೇಳುವ ಹಾಗೆ ಆಡಿದರು, ನಾನೂ ಆಡಿದೆ. ಒಳಗಿನಿಂದ ಅಮ್ಮ ಬಂದು ಯಾರಿಗೂ ಏನೂ ಹೇಳದೆ ಅವರ ಕೈಗೆ ಒಂದು ಚೊಂಬು ನೀರು ಕೊಟ್ಟಳು. ಪುಟ್ಟಿ ತನ್ನ ಬ್ಯಾಗು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಇಬ್ಬರನ್ನೂ ದಾಟಿ ಹೋಗಿ ಓಮ್ನಿಯಲ್ಲಿ ಕೂತಿದ್ದಳು. ಅವತ್ತು ರಾತ್ರಿ ಅವರು ಮೈಸೂರಿಗೆ ಹೋಗಲಿಲ್ಲ. ಬೆಂಗಳೂರಲ್ಲೇ ಚಿಕ್ಕಪ್ಪನ ಮನೆಯಲ್ಲಿ ಉಳಿದು, ಭಾನುವಾರ ಮಧ್ಯಾಹ್ನ ಮಗಳನ್ನು ಬಿಟ್ಟು ಹಿಂತಿರುಗಿದರು. ಸೋಮವಾರ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು, ಕರ್ಫ್ಯೂ ಬಂತು. ಟಿವಿಯ ಮುಂದೆ ಕೂತು, ಅವರು ಮನೆ ಸೇರಿದರೋ ಇಲ್ಲವೋ ಎಂದು ಕೇಳಲು ನನಗೆ ಯಾವ ಹಕ್ಕಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಅಮ್ಮ ಫೋನ್ ಮಾಡಿ ಕೇಳಿದಳು. ಆ ದಿನದ ಷರಾದಲ್ಲಿ ನಾನು ಏನೂ ಬರೆದಿಲ್ಲ. ಆಮೇಲೆಯೂ ನಿಮಿಷ ಬರೆಯಲಿಲ್ಲ.

ಹಾಗೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. 2017ರ ದಸರಾ ರಜೆ ಮುಗಿಸಿ ಬಂದ ಮಗಳು ಓಮ್ನಿಯಿಂದ ಇಳಿದಾಗ ತಲೆಗೆ ಟೋಪಿ ಇತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಟೇಬಲ್ಲಿಗೆ ಕೂತು ಅವಳೇ ತೆಗೆದಳು. ನುಣ್ಣಗೆ ಬೋಳಿಸಿ ಗಂಧ ಹಚ್ಚಿದ ತಲೆ. ಒಂಬತ್ತು ವರ್ಷದ ಹುಡುಗಿ, ಸೊಂಟದವರೆಗೆ ಜಡೆ ಇದ್ದವಳು. "ನಂಜನಗೂಡಲ್ಲಿ ಮುಡಿ ಕೊಟ್ವಿ. ಅಜ್ಜಿ ಹರಕೆ" ಎಂದಳು, ನನ್ನ ಮುಖ ನೋಡುತ್ತ, ಅಳಬೇಕೋ ಬೇಡವೋ ಎಂದು ನನ್ನನ್ನೇ ಕೇಳುವವಳಂತೆ.

ಅವತ್ತು ನಾನು ಕೂಗಾಡಲಿಲ್ಲ. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನ ಎರಡು ಪುಟ ತುಂಬ ಬರೆದೆ. ಕೋರ್ಟು, ಒಪ್ಪಂದ, ಮಗುವಿನ ಮನಸ್ಸು, ಅವರ ಅಮ್ಮನ ಮೌಢ್ಯ, ಏನೂ ಬಿಡಲಿಲ್ಲ. ಹದಿನೈದು ದಿನದ ಮೇಲೆ ಪುಸ್ತಕ ತಿರುಗಿ ಬಂದಾಗ ಕೆಳಗೆ ಮೂರೇ ಸಾಲು: 'ಕೇಳಬೇಕಿತ್ತು. ತಪ್ಪಾಯಿತು. ಅರಕೆ ಮಾತ್ರ ಅಮ್ಮಂದಲ್ಲ, ನಿಂದು.'

ಹೌದು, ನಂದೇ. 2010ರಲ್ಲಿ, ಅವಳಿಗೆ ಎರಡು ವರ್ಷವಾಗಿದ್ದಾಗ, ಜ್ವರ ಏರಿ ಫಿಟ್ಸ್ ಬಂದು ಕಣ್ಣು ಮೇಲಾಗಿದ್ದ ರಾತ್ರಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯ ಕೈ ಹಿಡಿದುಕೊಂಡು 'ನಂಜುಂಡೇಶ್ವರಾ, ಮಗು ಉಳಿದರೆ ಮುಡಿ ಕೊಡಿಸ್ತೀನಿ' ಎಂದವಳು ನಾನು. ಮಗು ಉಳಿಯಿತು, ನಾನು ಮರೆತೆ. ಅತ್ತೆ ಮರೆಯಲಿಲ್ಲ. ಸೊಸೆ ಮನೆ ಬಿಟ್ಟು ಹೋದಳು, ಸೊಸೆಯ ಸಾಲವನ್ನು ಅವರು ತೀರಿಸಿದರು. ಇಷ್ಟಾಗಿಯೂ ನನ್ನನ್ನು ಒಂದು ಮಾತು ಕೇಳಬೇಕಿತ್ತು, ಮಗಳನ್ನಂತೂ ಕೇಳಲೇಬೇಕಿತ್ತು. ಇವತ್ತಿಗೂ ನಾನು ಆ ಮಾತು ಬಿಟ್ಟುಕೊಡುವುದಿಲ್ಲ. ಆದರೆ ಆ ಪುಟವನ್ನು ಮತ್ತೆ ಮತ್ತೆ ತೆಗೆದು ನೋಡಿದ್ದು ಬೇರೆ ಕಾರಣಕ್ಕೆ. 'ನಿಮ್ಮದು' ಎಂದು ಬರೆಯದೆ 'ನಿಂದು' ಎಂದು ಬರೆದಿದ್ದರು. ಏಕವಚನ ವಾಪಸು ಬಂದಿತ್ತು. ಪುಟ್ಟಿ ಆ ವರ್ಷದ ರಾಜ್ಯೋತ್ಸವದ ಛದ್ಮವೇಷಕ್ಕೆ ಒನಕೆ ಓಬವ್ವ ಆಗಬೇಕಿತ್ತು. ವಿಗ್ ಬೇಡವೆಂದು ಹಟ ಮಾಡಿ ಗಾಂಧೀಜಿಯಾಗಿ ಹೋಗಿ ಎರಡನೇ ಬಹುಮಾನ ತಂದಳು.

ದುಡ್ಡಿನ ಜಗಳಗಳನ್ನು ಬರೆಯುವುದಿಲ್ಲ. ಶಾಲೆಯ ಫೀಸು ಅರ್ಧರ್ಧ, ಹಲ್ಲಿನ ಕ್ಲಿಪ್ಪು ಯಾರ ಪಾಲಿಗೆ ಎಂಬಂಥವು. ಎಲ್ಲರ ಮನೆಯಲ್ಲೂ ಇರುವಂಥದ್ದೇ, ನಮ್ಮದಕ್ಕೆ ರಸೀದಿ ಇತ್ತು ಅಷ್ಟೆ.

ನೋಟ್‌ಬುಕ್ಕನ್ನು ನಾವಿಬ್ಬರೇ ಓದುತ್ತೇವೆ ಎಂದು ನಂಬಿದ್ದೆವು. ದೊಡ್ಡವರ ದಡ್ಡತನಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದು ಇದ್ದದ್ದು ಅವಳ ಬ್ಯಾಗಿನಲ್ಲಿ, ಅವಳು ಓದಲು ಕಲಿತು ನಾಲ್ಕು ವರ್ಷವಾಗಿತ್ತು. 2018ರಲ್ಲಿ ಒಂದು ದಿನ ಪುಸ್ತಕ ತೆರೆದರೆ ಅವರಪ್ಪನ ಸಾಲುಗಳಿಗೆಲ್ಲ ಕೆಂಪು ಪೆನ್ನಿನ ಸುತ್ತು. 'ಆಲು' ಹೊಡೆದು 'ಹಾಲು', 'ಓಮ್‌ವರ್ಕ್' ಹೊಡೆದು 'ಹೋಮ್‌ವರ್ಕ್'. ಪುಟದ ಕೊನೆಗೆ ಟೀಚರಮ್ಮನ ಹಾಗೆ ಸಹಿ. ನಗು ಬಂತು. ಆಮೇಲೆ ಹೊಟ್ಟೆ ತಣ್ಣಗಾಯಿತು. ಹಿಂದಿನ ಪುಟಗಳನ್ನೂ ಓದಿದ್ದೀಯಾ ಎಂದು ಕೇಳಿದೆ. "ಹೂಂ, ಫಸ್ಟ್ ಪುಸ್ತಕದಿಂದ." ಏನನ್ನಿಸಿತು ಎಂದೆ. ದೋಸೆ ತಿನ್ನುತ್ತಿದ್ದಳು, ತಲೆ ಎತ್ತಲಿಲ್ಲ. "ಅದ್ರಲ್ಲಿ ನಾನು ಬರೀ ಲೇಟು, ಜ್ವರ, ಫೀಸು."

ಅದನ್ನು ಆ ವಾರ ಹಾಗೇ ಪುಸ್ತಕದಲ್ಲಿ ಬರೆದು ಕಳಿಸಿದೆ, ಇನ್ನೇನೂ ಸೇರಿಸದೆ. ಮುಂದಿನ ಸಲ ಬಂದ ಅವರ ಸಾಲು: 'ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿದ್ಲು. ನಂದಿ ತನಕ ನನ್ನ ಎತ್ತಿಕೊ ಅಂತ ಕೇಳಿಲ್ಲ. ಇಳೀವಾಗ ನಾನೇ ಕೇಳೋ ಹಂಗಾಗಿತ್ತು.' ಗೆರೆಗಳ ಕಾಲಮ್ಮು ಅಲ್ಲಿಗೆ ನಿಂತಿತು.

ಮಗುವಿಗಾಗಿ ಒಳ್ಳೆಯ ಗೆಳೆಯರಾಗಿರಿ ಎಂದು ನಮಗೆ ಹೇಳಿದವರು ಬಹಳ ಮಂದಿ. ನಾವು ಗೆಳೆಯರಾಗಲಿಲ್ಲ. ಅವರ ಕಷ್ಟಸುಖ ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಇಬ್ಬರೂ ಮತ್ತೆ ಮದುವೆಯಾಗಲಿಲ್ಲ, ಆಗಿದ್ದರೆ ಈ ಕತೆ ಇಷ್ಟು ಸುಲಭ ಇರುತ್ತಿರಲಿಲ್ಲ. ನಮ್ಮದು ಎರಡು ಶಾಖೆಗಳ ಒಂದು ಬ್ಯಾಂಕಿನ ಹಾಗೆ. ಖಾತೆ ಒಂದೇ, ಕೌಂಟರ್ ಬೇರೆ, ಸಂಜೆಗೆ ತಾಳೆಯಾದರೆ ಸಾಕು. ಗೆಳೆತನ ಬೇಕೆಂದು ಹಟ ಹಿಡಿದಿದ್ದರೆ ಅದಕ್ಕೂ ಒಂದು ಜಗಳ ಆಗುತ್ತಿತ್ತು.

2020ರ ಮಾರ್ಚ್ 14, ಎರಡನೇ ಶನಿವಾರ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಾಗಿ ನಾಲ್ಕು ದಿನವಾಗಿತ್ತು. ಶಾಲೆಗೆ ಹೇಗೂ ರಜೆ ಕೊಟ್ಟಿದ್ದಾರೆ, ಯುಗಾದಿ ಮುಗಿಸಿಕೊಂಡು 28ಕ್ಕೆ ಬರಲಿ ಎಂದು ಮದ್ದೂರಿನಲ್ಲಿ ಒಪ್ಪಿಸಿ ಬಂದೆ. ಯುಗಾದಿ 25ಕ್ಕೆ. ಲಾಕ್‌ಡೌನ್ ಶುರುವಾದದ್ದೂ 25ಕ್ಕೆ. ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು ಬಸ್ಸಿಲ್ಲ, ರೈಲಿಲ್ಲ ಎಂದು ಕೇಳುತ್ತ ಕೂತೆ. ಬ್ಯಾಂಕು ತುರ್ತು ಸೇವೆ, ನಾನು ದಿನಾ ಕೌಂಟರಿನಲ್ಲಿ. ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಸೋಂಕು ಹಬ್ಬಿ ಮೈಸೂರು ಕೆಂಪು ವಲಯ, ಬೆಂಗಳೂರೂ ಕೆಂಪು ವಲಯ.

ನೋಟ್‌ಬುಕ್ ಮಗಳ ಜೊತೆ ಅಲ್ಲೇ ಸಿಕ್ಕಿಕೊಂಡಿತ್ತು. ಯುಗಾದಿಯ ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಪುಸ್ತಕದ ಒಂದು ಪುಟ, ಅವರ ಅಡ್ಡಾದಿಡ್ಡಿ ಅಕ್ಷರ. ಮರುದಿನವೂ ಬಂತು. ಒಂದು ದಿನವೂ ತಪ್ಪಲಿಲ್ಲ, ಒಂದು ದಿನವೂ ತಡವಾಗಲಿಲ್ಲ. 'ಸ್ವಿಚ್ ಬೋರ್ಡ್ ಬಿಚ್ಚಿ ಜೋಡಿಸಿದ್ಲು. ಮೇನ್ ಆಫ್ ಮಾಡಿದ್ದೆ, ಎದರಬೇಡ.' 'ನಿನ್ನ ಕನಸು ಬಿತ್ತಂತೆ. ಕ್ಯಾಶ್ ಎಣಿಸ್ತಿದ್ಯಂತೆ.'

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಆರು ಗಂಟೆಗೆ ಫೋಟೊ ಅಲ್ಲ, ಫೋನೇ ಬಂತು. ಎದೆ ಧಸಕ್ಕೆಂದಿತು. "ಏನಿಲ್ಲ, ಗಾಬ್ರಿಯಾಗ್ಬೇಡ" ಎಂದರು, ತಾವೇ ಗಾಬರಿಯಾಗಿ. ಪುಟ್ಟಿ ದೊಡ್ಡವಳಾಗಿದ್ದಳು. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. 'ಬರಿ, ಅಪ್ಪ ಮೆಡಿಕಲ್ ಶಾಪಲ್ಲಿ ಪಟ್ಟ ಪಾಡೂ ಬರಿ' ಎಂದಿದ್ದಾಳೆ. ಅಂಗಡಿಯ ಮುಂದೆ ಬಳಿದ ಸುಣ್ಣದ ವೃತ್ತದೊಳಗೆ ನಿಂತು, ಮಾಸ್ಕ್ ಹಾಕಿಕೊಂಡು, ಹಿಂದೆ ಮುಂದೆ ಗಂಡಸರ ಸಾಲು, ನನಗೆ ಎರಡನೇ ಸಲ ಫೋನ್: "ಯಾವ್ದು ಅಂತ ಕೇಳ್ತಾವ್ನೆ, ಏನ್ ಹೇಳ್ಲಿ?" ನಾನು ಹೇಳಿದೆ. ಅವರು ಅದನ್ನು ಅಂಗಡಿಯವನಿಗೆ, ಕರೆಂಟಿನ ಸಾಮಾನು ಕೇಳುವ ಗಟ್ಟಿ ದನಿಯಲ್ಲಿ, ಹಾಗೆ ಹಾಗೇ ಒಪ್ಪಿಸಿದರು. ಮನೆಯಲ್ಲಿ ಅತ್ತೆ ಚಾಪೆ ಹಾಸಿ ಮೂಲೆಯಲ್ಲಿ ಕೂರಿಸುವ ಏರ್ಪಾಡು ಮಾಡಿದ್ದರು. ಮೊದಲಾಗಿದ್ದರೆ ಈ ಮಾತಿಗೆ ನೋಟ್‌ಬುಕ್ಕಿನ ಹತ್ತು ಪುಟ ಹೋಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರಂದರು: "ಮೂಲೆ ಗೀಲೆ ಇಲ್ಲ ಅಂದಿವ್ನಿ. ಮುಡಿ ವಿಷ್ಯದಲ್ಲಿ ಒಂದ್ಸಲ ಆಯ್ತಲ್ಲ." ಅತ್ತೆ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮೂರನೇ ದಿನ ತಾವೇ ಕೊಬ್ಬರಿ ತುರಿದು ಬೆಲ್ಲ ಹಾಕಿ ಮೊಮ್ಮಗಳಿಗೆ ಕೊಟ್ಟರು. ನೆರೆಯವರನ್ನು ಕರೆದು ಆರತಿ ಮಾಡುವ ಆಸೆಗೆ ಲಾಕ್‌ಡೌನ್ ಅಡ್ಡ ಬಂತು. ಆ ಲಾಕ್‌ಡೌನಿನಿಂದ ನನಗಾದ ಉಪಕಾರ ಅದೊಂದೇ.

ಮೇ 19ಕ್ಕೆ ಬಸ್ಸುಗಳು ಮತ್ತೆ ಓಡಿದವು. 23, ನಾಲ್ಕನೇ ಶನಿವಾರ, ಮದ್ದೂರಿನ ಹೋಟೆಲು ಬಾಗಿಲು ಹಾಕಿತ್ತು. ರಸ್ತೆ ಬದಿಯಲ್ಲೇ ನಿಂತಿದ್ದರು, ಇಬ್ಬರೂ ಮಾಸ್ಕ್ ಹಾಕಿಕೊಂಡು. ಎಪ್ಪತ್ತು ದಿನದಲ್ಲಿ ಮಗಳು ನನ್ನ ಭುಜ ಮುಟ್ಟಿದ್ದಳು. ಅವರು ನನಗಿಂತ ಮೊದಲೇ ಬಂದಿದ್ದರು, ಅದನ್ನು ಯಾರೂ ಎತ್ತಿ ಆಡಲಿಲ್ಲ.

ಉಳಿದದ್ದು ಬೇಗ ಕಳೆಯಿತು. 2023ರ ಮಾರ್ಚ್‌ನಲ್ಲಿ ಹತ್ತು ಪಥದ ಹೊಸ ಹೆದ್ದಾರಿ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಬೈಪಾಸಿನ ಬದಿಗೆ ಬಿದ್ದವು. ಮದ್ದೂರನ್ನು ದಾಟಿದ್ದೇ ಗೊತ್ತಾಗದ ಹಾಗೆ ಕಾರುಗಳು ಮೇಲೆ ಹಾರಿಹೋಗುತ್ತವೆ. ಕೆಳಗಿನ ಹಳೆ ರಸ್ತೆಯ ಹೋಟೆಲುಗಳು ಮಂಕಾದವು, ನಮ್ಮ ಹೋಟೆಲಿನಲ್ಲೂ ಟೇಬಲ್ಲುಗಳು ಖಾಲಿ. ನಾವು ಮಾತ್ರ ಇಳಿಯುತ್ತಲೇ ಇದ್ದೆವು. ಪುಟ್ಟಿ ಒಬ್ಬಳೇ ರೈಲಿನಲ್ಲಿ ಹೋಗುವಷ್ಟು ದೊಡ್ಡವಳಾಗಿದ್ದಳು, ಆದರೂ ಬಿಡಿ ಎಂದು ಮೂವರಲ್ಲಿ ಒಬ್ಬರೂ ಅನ್ನಲಿಲ್ಲ.

2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಗೆ ಪಿಸಿಎಂಇ ತೆಗೆದುಕೊಳ್ಳುತ್ತೇನೆ, ಎಲೆಕ್ಟ್ರಾನಿಕ್ಸ್, ಮೈಸೂರಿನಲ್ಲಿ ಓದುತ್ತೇನೆ ಎಂದಳು. ಒಪ್ಪಂದದ ಪ್ರಕಾರ ನಾನು ಬೇಡ ಎನ್ನಬಹುದಿತ್ತು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಗಮನಿಸಬಹುದು ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಇದೆ ಎಂದೂ ಗೊತ್ತಿತ್ತು. ಮೂರು ದಿನ ಮುಖ ಊದಿಸಿಕೊಂಡಿದ್ದೆ. 'ನೀನೇ ಏಳಿಕೊಟ್ಯಾ?' ಎಂದು ಅವರಿಗೆ ಮೆಸೇಜ್ ಹಾಕಿದೆ, ಹಕಾರ ಬೇಕೆಂದೇ ಬಿಟ್ಟು. 'ಇಲ್ಲ. ನನಗೂ ನಿನ್ನೆನೇ ಗೊತ್ತಾಗಿದ್ದು. ಯೋಚನೆ ಮಾಡಿ ಹೇಳು' ಎಂದು ಬಂತು. ಒಂದು ತಪ್ಪಿಲ್ಲ, ಮಗಳು ಪಕ್ಕದಲ್ಲಿ ಕೂತಿದ್ದಿರಬೇಕು. ಕಳಿಸಿದೆ. ಜೂನ್ 8, ಎರಡನೇ ಶನಿವಾರ, ಮದ್ದೂರಿನಲ್ಲಿ ಎರಡು ಸೂಟ್‌ಕೇಸು ಇಳಿಸಿದೆವು. ಈಗ ಶನಿವಾರ ಒಪ್ಪಿಸುವವರು ಅವರು, ಪಡೆಯುವವಳು ನಾನು. ಹೊತ್ತು ಅದೇ, 9.30.

ನೋಟ್‌ಬುಕ್ಕುಗಳು ಒಟ್ಟು ಐದು. ನಾಲ್ಕು ನನ್ನ ಬೀರುವಿನಲ್ಲಿವೆ. ಮೂರನೆಯದು, ಆ ಎಪ್ಪತ್ತು ದಿನದ್ದು, ಅವರ ಹತ್ತಿರವೇ ಉಳಿದಿದೆ. ಫೋಟೊಗಳಿದ್ದ ನನ್ನ ಹಳೆಯ ಫೋನು ಕೆಟ್ಟುಹೋಯಿತು. ಎರಡು ಸಲ ಕೇಳಿದೆ. 'ಉಡುಕ್ತೀನಿ' ಎಂದಿದ್ದಾರೆ. ಇನ್ನೂ ಕೊಟ್ಟಿಲ್ಲ.